ದಾಟಿದ್ದೇ ತಿಳಿಯಲಿಲ್ಲ

1790ನೆಯ ಇಸವಿಯ ಜುಲೈ 13ರಂದು ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಹಡಗಿನಿಂದ ಇಳಿದರು. ಇಬ್ಬರೂ ಸೇಂಟ್ ಜಾನ್ಸ್ ಕಾಲೇಜಿನವರು. ಇಬ್ಬರಿಗೂ ಇಪ್ಪತ್ತರ ಆಸುಪಾಸಿನ ಪ್ರಾಯ. ಒಂದೇ ಬಟ್ಟೆಯಿಂದ ಹೊಲಿಸಿಕೊಂಡ ಹಗುರವಾದ ಕೋಟು, ಕೈಯಲ್ಲಿ ಓಕ್ ಮರದ ದೊಣ್ಣೆ, ತಲೆಯ ಮೇಲೆ ಗಂಟು. ಅವರು ಹಾದುಹೋಗುತ್ತಿದ್ದ ಹಳ್ಳಿಗಳಲ್ಲಿ ಜನರು ಆ ಜೋಡಿಯನ್ನು ಕಂಡು ನಗುತ್ತಿದ್ದರು. ಅಂದಿನ ಕಾಲದಲ್ಲಿ ಅನುಕೂಲಸ್ಥರ ಮಕ್ಕಳು ಯುರೋಪನ್ನು ನೋಡಲು ಹೊರಟರೆ ಕುದುರೆಗಾಡಿಯಲ್ಲಿ, ಸೇವಕನನ್ನೂ ಉಪಾಧ್ಯಾಯನನ್ನೂ ಕರೆದುಕೊಂಡು ಹೊರಡುವುದು ವಾಡಿಕೆ. ಇವರಿಬ್ಬರ ಬಳಿ ಇದ್ದುದು ತಲಾ ಸುಮಾರು 20 ಪೌಂಡ್ ಹಣ ಮತ್ತು ನಡೆಯಬಲ್ಲ ಕಾಲುಗಳು. ಆಲ್ಪ್ಸ್ ಪರ್ವತವನ್ನು ಕಾಲ್ನಡಿಗೆಯಲ್ಲಿ ದಾಟಬೇಕೆಂಬುದು ಅವರ ರಜೆಯ ಸಂಕಲ್ಪವಾಗಿತ್ತು.

ಒಬ್ಬನ ಹೆಸರು ವಿಲಿಯಂ ವರ್ಡ್ಸ್‌ವರ್ತ್. ಸರೋವರದ ದಡದಲ್ಲಿ ತಲೆದೂಗುವ ಹಳದಿ ಹೂಗಳ ಪದ್ಯದ ಮೂಲಕ ಇಂದಿಗೂ ಇಂಗ್ಲಿಷ್ ತರಗತಿಯ ಮಕ್ಕಳಿಗೆ ಪರಿಚಿತನಾಗಿರುವ ಕವಿ ಆತನೇ. ಇನ್ನೊಬ್ಬನ ಹೆಸರು ರಾಬರ್ಟ್ ಜೋನ್ಸ್. ಆತನ ಊರು ವೇಲ್ಸ್. ಬೆಟ್ಟಗಳ ನಾಡು, ವೆಲ್ಷ್ ಎಂಬ ಸ್ವಂತ ಭಾಷೆಯುಳ್ಳ ನಾಡು. 1536ರ ಕಾಯಿದೆಯೊಂದು ಅಲ್ಲಿಯ ನ್ಯಾಯಾಲಯಗಳಿಗೆ ಇಂಗ್ಲಿಷೊಂದನ್ನೇ ವಿಧಿಸಿ ಅಷ್ಟು ಹೊತ್ತಿಗೆ ಇನ್ನೂರೈವತ್ತು ವರ್ಷ ಸಂದಿದ್ದವು. ಆದರೂ ಮನೆಗಳಲ್ಲಿ, ಪ್ರಾರ್ಥನಾಮಂದಿರಗಳಲ್ಲಿ ವೆಲ್ಷ್ ಜೀವಂತವಾಗಿಯೇ ಇತ್ತು. ಮನೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆಯ ನಡುವೆ ಬಾಳುವ ಗಡಿನಾಡಿನ ಓದುಗರಿಗೆ ಜೋನ್ಸನ ಊರು ತೀರ ಅಪರಿಚಿತವೆನಿಸದು.

ಈ ಪ್ರವಾಸ ಕೇವಲ ಮೋಜಿನದಾಗಿರಲಿಲ್ಲ, ವರ್ಡ್ಸ್‌ವರ್ತನ ಪಾಲಿಗೆ ಅದರಲ್ಲಿ ದೊಡ್ಡ ಅಪಾಯವೇ ಇತ್ತು. ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನೂ ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡ ಹುಡುಗ ಆತ. ತಂದೆ ವಕೀಲರು, ಶ್ರೀಮಂತ ಭೂಮಾಲಿಕನೊಬ್ಬನ ಕಾನೂನು ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದವರು. ಅವರಿಗೆ ಸಲ್ಲಬೇಕಾಗಿದ್ದ ಸಾವಿರಾರು ಪೌಂಡುಗಳನ್ನು ಆ ಧಣಿ ಕೊಡಲೇ ಇಲ್ಲ. ಮಕ್ಕಳು ನ್ಯಾಯಾಲಯದ ಮೆಟ್ಟಿಲೇರಿದರೂ ಹಣ ಕೈಸೇರುವ ದಾರಿ ತೆರೆದುದು ಧಣಿ 1802ರಲ್ಲಿ ತೀರಿಕೊಂಡ ಮೇಲೆಯೇ. ಅಲ್ಲಿಯವರೆಗೆ ಐವರು ಅನಾಥ ಮಕ್ಕಳು ಬಂಧುಗಳ ಹಂಗಿನಲ್ಲಿ ಬೆಳೆದರು.

ಅಂತಹ ಮನೆಯ ಹುಡುಗನಿಗೆ ಮುಂದಿದ್ದ ಭದ್ರವಾದ ದಾರಿ ಒಂದೇ. ಪದವಿ ಪರೀಕ್ಷೆಯಲ್ಲಿ ಉನ್ನತ ಶ್ರೇಣಿ ಗಳಿಸುವುದು, ಕಾಲೇಜಿನ ಫೆಲೋ ಆಗಿ ವೇತನವನ್ನೂ ವಸತಿಯನ್ನೂ ಪಡೆಯುವುದು, ಅನಂತರ ಚರ್ಚಿನಲ್ಲೊಂದು ಸ್ಥಾನ ಹಿಡಿಯುವುದು. ಸೋದರಮಾವ ಅದೇ ಕಾಲೇಜಿನಲ್ಲಿ ಫೆಲೋ ಆಗಿದ್ದವರು. ಅಳಿಯನೂ ಅದೇ ದಾರಿ ಹಿಡಿಯಲೆಂದು ಅವರು ಬಯಸಿದ್ದರು. ಅಂತಿಮ ಪರೀಕ್ಷೆ 1791ರ ಜನವರಿಯಲ್ಲಿ. ಪ್ರಧಾನ ವಿಷಯ ಗಣಿತ. ಅದಕ್ಕೆ ಮುಂಚಿನ ಬೇಸಗೆಯ ದೀರ್ಘ ರಜೆಯೆಂದರೆ ಓದಿ ಸಿದ್ಧರಾಗುವ ಕಾಲ. ಆ ರಜೆಯನ್ನೇ ಆತ ನಡೆಯುವುದಕ್ಕೆಂದು ತೆಗೆದಿಟ್ಟ. ಪ್ರಾಣದಂತಿದ್ದ ತಂಗಿ ಡೊರೊಥಿಗೂ ಮೊದಲೇ ತಿಳಿಸಲಿಲ್ಲ. ಸುದ್ದಿ ತಿಳಿದ ಹಲವು ಸ್ನೇಹಿತರು ಇದನ್ನು ಹುಚ್ಚುಸಾಹಸವೆಂದೇ ಎಣಿಸಿದರು.

ಅವರು ಫ್ರಾನ್ಸಿಗೆ ಕಾಲಿಟ್ಟ ಮರುದಿನ, ಜುಲೈ 14ರಂದು, ಬಾಸ್ತೀಲ್ ಸೆರೆಮನೆ ಉರುಳಿದುದರ ಮೊದಲ ವಾರ್ಷಿಕೋತ್ಸವ. ಪ್ಯಾರಿಸಿನಲ್ಲಿ ದೊರೆ ಹದಿನಾರನೆಯ ಲೂಯಿ ಹೊಸ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಿದ ದಿನ. ಹಳ್ಳಿಹಳ್ಳಿಗಳಲ್ಲಿ ಹೂವಿನ ಕಮಾನುಗಳು, ಹಾಡು, ಕುಣಿತ. ಗೆಳೆಯರು ಮಾತ್ರ ಪ್ಯಾರಿಸಿಗೆ ಹೋಗದೆ ಬೆಟ್ಟಗಳ ಕಡೆಗೆ ನೇರವಾಗಿ ದಕ್ಷಿಣಕ್ಕೆ ನಡೆದರು. ಹಲವು ದಿನ 20 ಮೈಲಿಗೂ ಮಿಕ್ಕಿ ನಡಿಗೆ. ಮುಂದೆ ಸೋನ್ ನದಿಯಲ್ಲಿ ದೋಣಿಯೇರಿದಾಗ, ಪ್ಯಾರಿಸಿನ ಉತ್ಸವ ಮುಗಿಸಿ ಊರಿಗೆ ಮರಳುತ್ತಿದ್ದ ಪ್ರತಿನಿಧಿಗಳ ತಂಡ ಜತೆಯಾಯಿತು. ಅವರೊಡನೆ ಉಂಡು, ಕೈಕೈ ಹಿಡಿದು ವರ್ತುಲವಾಗಿ ಕುಣಿದುದೂ ಆಯಿತು. ಆಗಸ್ಟ್ ಆರಂಭದಲ್ಲಿ, 1084ರಲ್ಲಿ ಸ್ಥಾಪಿತವಾದ ಗ್ರಾಂದ್ ಶಾರ್ತ್ರೂಸ್ ಎಂಬ ಮೌನವ್ರತಿಗಳ ಮಠದಲ್ಲಿ ತಂಗಿದರು. ಅನಂತರ ಜಿನೀವಾ ಸರೋವರವನ್ನು ಬಳಸಿ ಶಾಮೊನಿ ಕಣಿವೆಯನ್ನು ತಲುಪಿದರು.

ಶಾಮೊನಿಯಲ್ಲಿ ಮೊದಲನೆಯ ನಿರಾಶೆ ಕಾದಿತ್ತು. ಆಲ್ಪ್ಸಿನ ಅತ್ಯುನ್ನತ ಶಿಖರ ಮೌಂಟ್ ಬ್ಲಾಂಕನ್ನು ಮನುಷ್ಯರು ಮೊತ್ತಮೊದಲು ಏರಿ ನಾಲ್ಕು ವರ್ಷಗಳಷ್ಟೇ ಆಗಿದ್ದವು. 1786ರ ಆಗಸ್ಟ್ 8ರಂದು ಜಾಕ್ ಬಾಲ್ಮಾ ಮತ್ತು ವೈದ್ಯ ಪಕ್ಕಾರ್ ಆ ಸಾಧನೆ ಮಾಡಿದ್ದರು. ಅದರ ಕೀರ್ತಿಯನ್ನು ಕೇಳಿ ಕೇಳಿ ವರ್ಡ್ಸ್‌ವರ್ತನ ಮನಸ್ಸಿನಲ್ಲಿ ಒಂದು ಶಿಖರ ಬೆಳೆದು ನಿಂತಿತ್ತು. ಕಣ್ಣೆದುರಿನ ಶಿಖರ ಮನಸ್ಸಿನ ಶಿಖರಕ್ಕೆ ಸಾಟಿಯಾಗಲಿಲ್ಲ. ಆ ಬೇಸರವನ್ನು ಸ್ವಲ್ಪ ಕಳೆದುದು ಕೆಳಗಿನ ಕಣಿವೆ ಮತ್ತು ಅದರ ಹಿಮನದಿಗಳು.

ಎರಡನೆಯ ನಿರಾಶೆ ಆಗಸ್ಟ್ 17ರಂದು, ಸಿಂಪ್ಲಾನ್ ಕಣಿವೆದಾರಿಯಲ್ಲಿ. ಸ್ವಿಟ್ಜರ್ಲೆಂಡಿನಿಂದ ಇಟಲಿಯ ಕಡೆಗೆ ಇಳಿಯುವ ಈ ದಾರಿಯ ನೆತ್ತಿ ಸಮುದ್ರಮಟ್ಟದಿಂದ 2,005 ಮೀಟರ್ ಎತ್ತರದಲ್ಲಿದೆ. ನೆಪೋಲಿಯನ್ ಕಟ್ಟಿಸಿದ ಅಗಲವಾದ ರಸ್ತೆ ಇನ್ನೂ ಬಂದಿರಲಿಲ್ಲ. ಇದ್ದುದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಹೇಸರಗತ್ತೆಗಳನ್ನು ನಡೆಸುವವರ ಗುಂಪೊಂದರ ಜತೆಯಲ್ಲಿ ಗೆಳೆಯರು ಏರಿದರು. ನಡುವೆ ಒಂದೆಡೆ ಎಲ್ಲರೂ ಕುಳಿತು ಊಟ ಮಾಡಿದರು. ಉಳಿದವರು ಬೇಗನೆ ಎದ್ದು ಹೊರಟರು. ಇವರಿಬ್ಬರು ಸ್ವಲ್ಪ ಹೊತ್ತು ಕುಳಿತು, ಬಳಿಕ ಅವರ ಹೆಜ್ಜೆ ಹಿಡಿದು ನಡೆದರು. ದಾರಿ ಒಂದು ತೊರೆಯ ಅಂಚಿಗೆ ಬಂದು ಮುಗಿದಂತಾಯಿತು. ಆಚೆ ದಡದಲ್ಲಿ ಬೆಟ್ಟವನ್ನೇರುವ ಒಂದು ಹಾದಿ ಕಾಣಿಸಿತು. ಏರುವುದಕ್ಕೆಂದೇ ಬಂದವರು ಹಿಂದುಮುಂದು ನೋಡದೆ ಅದನ್ನೇ ಹಿಡಿದರು.

ಎಷ್ಟು ಏರಿದರೂ ಮುಂದೆ ಹೋದವರ ಸುಳಿವಿಲ್ಲ. ಕೊನೆಗೊಬ್ಬ ರೈತ ಎದುರಾದ. ತೊರೆಯ ಬಳಿಗೆ ಹಿಂದಿರುಗಬೇಕು, ಅಲ್ಲಿಂದ ನೀರು ಹರಿಯುವ ದಿಕ್ಕಿನಲ್ಲೇ ಕೆಳಗಿಳಿಯಬೇಕು ಎಂದು ಆತ ತಿಳಿಸಿದ. ಆತನ ಭಾಷೆ ಬೇರೆ, ಇವರ ಭಾಷೆ ಬೇರೆ. ಕೇಳಿದ್ದರಲ್ಲಿ ತಪ್ಪಿರಬಹುದೆಂದು ಮತ್ತೆ ಮತ್ತೆ ಕೇಳಿದರು. ಮರಳಿ ಮರಳಿ ಬಂದ ಉತ್ತರದ ತಾತ್ಪರ್ಯ ಒಂದೇ ಆಗಿತ್ತು: ಇನ್ನು ಏರಲು ಏನೂ ಉಳಿದಿಲ್ಲ, ನೀವು ಆಗಲೇ ಆಲ್ಪ್ಸನ್ನು ದಾಟಿಯಾಗಿದೆ.

ಯಾವ ಕ್ಷಣಕ್ಕಾಗಿ ಪರೀಕ್ಷೆಯ ಓದನ್ನು ಬದಿಗಿಟ್ಟು ಬಂದಿದ್ದರೋ ಆ ಕ್ಷಣ ಅವರ ಅರಿವಿಗೆ ಬಾರದೆ ಕಳೆದುಹೋಗಿತ್ತು. ಬಹುಶಃ ಹರಟೆಯ ನಡುವೆ, ಇಲ್ಲವೆ ಊಟದ ಆಯಾಸದಲ್ಲಿ ನೆತ್ತಿ ಹಿಂದೆ ಸರಿದಿತ್ತು. ಗಡಿಗೆ ಸ್ವತಃ ಧ್ವನಿಯಿಲ್ಲ. ದಾಟಿದವನಿಗೆ ದಾಟಿದೆನೆಂದು ಬೇರೊಬ್ಬರು ಹೇಳಬೇಕಾಗುತ್ತದೆ. 1956ರ ನವೆಂಬರ್ 1ರಂದು ಇದ್ದಲ್ಲಿಂದ ಒಂದು ಹೆಜ್ಜೆಯನ್ನೂ ಕದಲದೆ ಇನ್ನೊಂದು ರಾಜ್ಯದವರಾದ ಕಾಸರಗೋಡಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೆಳೆಯರು ಮೌನವಾಗಿ ಇಳಿದರು. ಗೊಂದೊ ಎಂಬ ಇಕ್ಕಟ್ಟಾದ ಕಮರಿಯ ಮೂಲಕ ಸಾಗಿತು ದಾರಿ. ಎರಡೂ ಕಡೆ ಬಂಡೆ, ನಡುವೆ ಭೋರ್ಗರೆಯುವ ನೀರು. ಆ ರಾತ್ರಿ ತಂಗಿದುದು ದಾರಿಹೋಕರಿಗಾಗಿ ಇದ್ದ ದೊಡ್ಡದಾದ, ಕತ್ತಲು ತುಂಬಿದ ಕಟ್ಟಡದಲ್ಲಿ. ನೀರಿನ ಮೊರೆತದಿಂದ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಕೆಲವು ದಿನಗಳ ತರುವಾಯ ಕೋಮೊ ಸರೋವರದ ಬಳಿಯ ಗ್ರಾವೆದೋನಾದಲ್ಲಿ ಇನ್ನೊಂದು ಪೇಚು. ಇಟಲಿಯ ಗಡಿಯಾರದ ಗಂಟೆ ಬಾರಿಸುವ ಕ್ರಮ ತಿಳಿಯದೆ, ನಡುರಾತ್ರಿಯನ್ನೇ ಬೆಳಗಿನ ಜಾವವೆಂದು ಭಾವಿಸಿ ಬೆಳದಿಂಗಳಲ್ಲಿ ಹೊರಟುಬಿಟ್ಟರು. ಕಾಡಿನಲ್ಲಿ ದಾರಿತಪ್ಪಿ, ಬಂಡೆಯ ಮೇಲೆ ಕುಳಿತು, ಹುಳಹುಪ್ಪಟೆಗಳಿಂದ ಕಚ್ಚಿಸಿಕೊಳ್ಳುತ್ತ ಬೆಳಗನ್ನು ಕಾದರು.

ಸೆಪ್ಟೆಂಬರ್ 6ರಂದು ಕಾನ್‌ಸ್ಟನ್ಸ್ ಸರೋವರದ ದಡದ ಊರಿನಿಂದ ವರ್ಡ್ಸ್‌ವರ್ತ್ ತಂಗಿಗೆ ಉದ್ದನೆಯ ಕಾಗದ ಬರೆಯಲು ಕುಳಿತ. ಗಂಟು ಹೊತ್ತ ಜೋಡಿಯನ್ನು ಕಂಡು ಜನ ನಕ್ಕ ಸಂಗತಿ ತಿಳಿದುಬರುವುದು ಆ ಕಾಗದದಿಂದಲೇ. ಬಾಸೆಲ್ ಪಟ್ಟಣದಲ್ಲಿ ಒಂದು ದೋಣಿಯನ್ನು ಕೊಂಡು ರೈನ್ ನದಿಯಲ್ಲಿ ಕಲೋನಿನವರೆಗೆ ಸಾಗಿ, ಅಕ್ಟೋಬರಿನಲ್ಲಿ ಇಬ್ಬರೂ ಹಿಂದಿರುಗಿದರು.

ಇನ್ನು ಪರೀಕ್ಷೆಯ ಫಲಿತಾಂಶ. ವರ್ಡ್ಸ್‌ವರ್ತನಿಗೆ 1791ರ ಜನವರಿಯಲ್ಲಿ ಸಾಧಾರಣ ಪದವಿ ದೊರೆಯಿತು. ಉನ್ನತ ಶ್ರೇಣಿ ದೊರೆಯಲಿಲ್ಲ, ಫೆಲೋ ಸ್ಥಾನವೂ ಒಲಿಯಲಿಲ್ಲ. ಮುಂದಿನ ಹಲವು ವರ್ಷಗಳನ್ನು ಆತ ನೆಲೆಯಿಲ್ಲದೆ, ಸಂಪಾದನೆಯಿಲ್ಲದೆ, ಬಂಧುಗಳ ಅಸಮಾಧಾನದ ನಡುವೆ ಕಳೆದ. ರಜೆಯಲ್ಲಿ ಅಲೆದುದರ ಫಲ ಇದು ಎಂದು ತೀರ್ಪು ಕೊಡುವುದು ಸುಲಭ. ಆದರೆ ತೀರ್ಪಿಗೆ ಮುನ್ನ ಎರಡನೆಯವನ ಕಡತವನ್ನೂ ತೆರೆಯಬೇಕು. ಅದೇ ರಜೆಯಲ್ಲಿ, ಅದೇ ದಾರಿಯಲ್ಲಿ, ಅಷ್ಟೇ ಮೈಲಿ ನಡೆದ ರಾಬರ್ಟ್ ಜೋನ್ಸ್ ಅದೇ ಕಾಲೇಜಿನ ಫೆಲೋ ಆದ! ಕಾರಣ ಒಂದೇ ಇದ್ದು ಪರಿಣಾಮ ಎರಡಾದರೆ, ಪರಿಣಾಮಕ್ಕೆ ಆ ಕಾರಣವೊಂದನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ಕಾಲೇಜಿನ ಗಣಿತದಿಂದ ವರ್ಡ್ಸ್‌ವರ್ತನ ಮನಸ್ಸು ದೂರವಾದುದು ಆಲ್ಪ್ಸಿಗೆ ಹೊರಡುವುದಕ್ಕೆ ಬಹಳ ಮೊದಲೇ. ನಡಿಗೆ ಒಬ್ಬನನ್ನು ಕೆಡಿಸಲಿಲ್ಲ, ಇನ್ನೊಬ್ಬನಿಗೆ ಅಡ್ಡಿಯಾಗಲೂ ಇಲ್ಲ. ಹಾಗೆಯೇ, ನಡೆದ ಮಾತ್ರಕ್ಕೆ ಇಬ್ಬರೂ ಕವಿಗಳಾಗಲಿಲ್ಲ ಎಂಬುದನ್ನೂ ಮರೆಯಬಾರದು.

ಪದವಿ ಪಡೆದ ವರ್ಷವೇ ವರ್ಡ್ಸ್‌ವರ್ತ್ ವೇಲ್ಸಿಗೆ ಹೋಗಿ ಜೋನ್ಸನ ಮನೆಯಲ್ಲಿ ಉಳಿದ. ಅಲ್ಲಿಯ ಅತ್ಯುನ್ನತ ಬೆಟ್ಟ ಸ್ನೋಡನ್ನನ್ನು ಇಬ್ಬರೂ ರಾತ್ರಿಯಲ್ಲಿ ಏರಿದರು. 1793ರಲ್ಲಿ ಆಲ್ಪ್ಸ್ ನಡಿಗೆಯ ಕುರಿತು ಬರೆದ ಪದ್ಯಗಳ ಪುಸ್ತಕ ಅಚ್ಚಾದಾಗ ಅದನ್ನು ಜೋನ್ಸನಿಗೇ ಅರ್ಪಿಸಲಾಯಿತು. ಆದರೆ ಸಿಂಪ್ಲಾನಿನಲ್ಲಿ ನಡೆದುದೇನೆಂಬುದು ಕವಿಗೆ ತೆರೆದು ಕಂಡುದು 1804ರಲ್ಲಿ, ಹದಿನಾಲ್ಕು ವರ್ಷಗಳ ಬಳಿಕ, ತನ್ನ ಬದುಕಿನ ಕಥೆಯನ್ನು ದೀರ್ಘಕಾವ್ಯವಾಗಿ ಬರೆಯುತ್ತಿದ್ದಾಗ. ಅಂದು ನಿರಾಶೆಯೆನಿಸಿದ್ದ ಆ ಗಳಿಗೆ ಆತನ ಪಾಲಿಗೆ ಇನ್ನೊಂದು ಅರ್ಥವನ್ನು ಪಡೆಯಿತು. ಮುಟ್ಟಿದ ಶಿಖರಕ್ಕಿಂತ, ಅದರಾಚೆಗೂ ಹಂಬಲಿಸಿ ಏರುತ್ತಲೇ ಇದ್ದ ಮನಸ್ಸೇ ದೊಡ್ಡದೆಂದು ಆತ ಕಂಡುಕೊಂಡ. ಆ ಕಾವ್ಯ ಬೆಳಕು ಕಂಡುದು 1850ರಲ್ಲಿ, ಕವಿ ತೀರಿಕೊಂಡ ಮೇಲೆ.

ಅದಕ್ಕೆ ಮೊದಲು, 1820ರಲ್ಲಿ, ಐವತ್ತರ ವಯಸ್ಸಿನಲ್ಲಿ ಆತ ಹೆಂಡತಿ ಮೇರಿ ಮತ್ತು ತಂಗಿ ಡೊರೊಥಿಯೊಡನೆ ಸಿಂಪ್ಲಾನಿಗೆ ಮತ್ತೆ ಬಂದ. ಅಂದು ತಪ್ಪಿ ಏರಿದ್ದ ಹಾದಿಯನ್ನು ಗುರುತಿಸಿದ. ನಿದ್ದೆಯಿಲ್ಲದ ರಾತ್ರಿಯನ್ನು ಕಳೆದಿದ್ದ ಆ ಕಟ್ಟಡದ ಒಳಗನ್ನು ನೋಡಬೇಕೆಂದು ಡೊರೊಥಿ ಎಷ್ಟು ಬಯಸಿದರೂ ಅಣ್ಣ ಅವಳ ಜತೆ ಹೋಗಲು ಒಪ್ಪಲಿಲ್ಲ. ಮೂವತ್ತು ವರ್ಷಗಳ ಅನಂತರವೂ ಆ ಹೊಸ್ತಿಲನ್ನು ತುಳಿಯಲು ಆತನಿಗೆ ಮನಸ್ಸಾಗಲಿಲ್ಲ.

ಮತ್ತೆ ಜೋನ್ಸ್? ಆತ ಪಾದ್ರಿಯಾಗಿ, ಆಕ್ಸ್‌ಫರ್ಡ್‌ಷೈರಿನ ಹಳ್ಳಿಯೊಂದರ ಚರ್ಚಿನ ಹೊಣೆ ಹೊತ್ತು, 1835ರಲ್ಲಿ ತೀರಿಕೊಂಡ. ಕಾಲೇಜಿನಲ್ಲಿ ಮೊದಲಾದ ಸ್ನೇಹ ಕೊನೆಯವರೆಗೂ ಬಾಳಿತು. ಆದರೆ ಆಲ್ಪ್ಸಿನ ಕುರಿತು ಲೋಕಕ್ಕೆ ಬಹುಮಟ್ಟಿಗೆ ದೊರೆತಿರುವುದು ಒಬ್ಬ ಸಾಕ್ಷಿಯ ಹೇಳಿಕೆಯೇ. ಗಂಟು ಹೊತ್ತವರು ಇಬ್ಬರು, ದಾರಿ ತಪ್ಪಿದವರು ಇಬ್ಬರು, ಕಾಡಿನಲ್ಲಿ ಬೆಳಗಿಗಾಗಿ ಕಾದವರೂ ಇಬ್ಬರು. ಕಾವ್ಯದ ಆ ಭಾಗದಲ್ಲಿ ಗೆಳೆಯನ ಹೆಸರೂ ಇಲ್ಲ. ಜತೆಯ ವಿದ್ಯಾರ್ಥಿ, ಆತನೂ ಬೆಟ್ಟದವನೇ, ಎಂಬಷ್ಟೇ ಪರಿಚಯ. ಆದರೂ ಆ ರೈತನ ಮಾತನ್ನು ಕೇಳಿ ಎದೆ ಕುಸಿದಾಗ ಪಕ್ಕದಲ್ಲಿ ನಿಂತಿದ್ದವನು, ಮರುಮಾತಿಲ್ಲದೆ ಕಮರಿಯುದ್ದಕ್ಕೂ ಜತೆಗೆ ಇಳಿದವನು ಜೋನ್ಸ್.

ಗಡಿನಾಡಿನ ಮನೆಗಳಲ್ಲಿ ಏಪ್ರಿಲ್ ಬಂತೆಂದರೆ ಒಂದೇ ಲೆಕ್ಕಾಚಾರ: ಈ ರಜೆಯಲ್ಲಿ ಮಕ್ಕಳನ್ನು ಯಾವ ತರಗತಿಗೆ ಸೇರಿಸುವುದು? ಕನ್ನಡ ಮಾಧ್ಯಮದ ಮಗು ಹಿಂದೆ ಬೀಳಬಾರದೆಂಬ ಆತಂಕದಲ್ಲಿ ಹುರುಳಿಲ್ಲವೆನ್ನಲಾಗದು. ಅನಾಥ ಅಳಿಯನ ಬಗೆಗೆ ಆ ಸೋದರಮಾವನಿಗಿದ್ದುದೂ ಅಂತಹ ಕಾಳಜಿಯೇ. ಓದಬೇಕಾದುದನ್ನು ಓದಲೇಬೇಕು. ಆದರೆ ಎರಡು ತಿಂಗಳ ನಡುವೆ ಒಂದು ದಿನ, ಗೆಳೆಯರಿಬ್ಬರು ಬುತ್ತಿ ಕಟ್ಟಿಕೊಂಡು ಪೊಸಡಿಗುಂಪೆಯನ್ನೋ ರಾಣಿಪುರವನ್ನೋ ಹಿರಿಯರೊಬ್ಬರ ಕಣ್ಗಾವಲಿನಲ್ಲಿ ಏರಿಬಂದರೆ ಅದನ್ನು ನಷ್ಟದ ಪುಟದಲ್ಲಿ ಬರೆಯಬೇಕಾಗಿಲ್ಲ. ಸಂಜೆ ಮನೆಗೆ ಬಂದ ಮಗುವನ್ನು ‘ಏನು ಕಲಿತೆ?’ ಎಂದು ಕೇಳಿದರೆ ಉತ್ತರ ಬಾರದಿರಬಹುದು. ವರ್ಡ್ಸ್‌ವರ್ತನನ್ನು 1790ರ ಅಕ್ಟೋಬರಿನಲ್ಲಿ ಕೇಳಿದ್ದರೆ ಆತನಿಗೂ ಉತ್ತರ ತಿಳಿದಿರುತ್ತಿರಲಿಲ್ಲ. ಜತೆಗೆ ಯಾರಿದ್ದರು ಎಂದು ಕೇಳಿದ್ದರೆ ಮಾತ್ರ ತಟ್ಟನೆ ಹೇಳುತ್ತಿದ್ದ.