ಬಾಲಕಿಯರಿಗೆ ಆಟದ ಅಂಗಳ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯ ಬಾಲಕಿಯರು ಎಂಟನೆಯ ತರಗತಿಯಲ್ಲಿ ಉತ್ಸಾಹದಿಂದ ಷಟಲ್ ಬ್ಯಾಟನ್ನು ಹಿಡಿಯುತ್ತಾರೆ. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಕೆಳಗಿಡುತ್ತಾರೆ. ವಯಸ್ಸಿಗೆ ಬಂದ ಹುಡುಗಿಗೆ ಆಟವೇಕೆ ಎಂಬುದು ಹಲವು ಮಾತಾಪಿತೃಗಳ ಪ್ರಶ್ನೆ.

ಪಿರಿಯಾಪಟ್ಟಣದ ಗಡಿಯಾಚೆಯ ಕೊಡಗಿನ ಮನೆತನಕ್ಕೆ ಸೇರಿದ ಶ್ರೀಮತಿ ಅಶ್ವಿನಿ ಪೊನ್ನಪ್ಪನವರನ್ನು ನೋಡಿರಿ. 1989ರಲ್ಲಿ ಜನಿಸಿದ ಈಕೆ ಜ್ವಾಲಾ ಗುಟ್ಟಾ ಅವರೊಡಗೂಡಿ 2010ರ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ಮಹಿಳಾ ಜೋಡಿ ಆಟದಲ್ಲಿ ಚಿನ್ನದ ಪದಕವನ್ನೂ, 2011ರ ಲಂಡನ್ನಿನ ವಿಶ್ವ ಪಂದ್ಯಾವಳಿಯಲ್ಲಿ ಕಂಚಿನ ಪದಕವನ್ನೂ ಗಳಿಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತನೀಷಾ ಕ್ರಾಸ್ಟೊ ಅವರೊಡನೆ ಆಡಿ ಸೋತಾಗ ಅವರಿಗೆ 34 ವರ್ಷ. ಅಷ್ಟು ಕಾಲದ ಸಾಧನೆಗೆ ಬುನಾದಿ ಬಾಲ್ಯದಲ್ಲಿಯೇ ಬೀಳಬೇಕು.

ಈ ವೃತ್ತಿಯಲ್ಲಿ ಎಲ್ಲರಿಗೂ ಜೀವನೋಪಾಯ ದೊರೆಯದು. ಮೊಣಕಾಲಿನ ಒಂದು ಪೆಟ್ಟು ಅದನ್ನು ಮುಗಿಸಬಲ್ಲುದು. ಆದುದರಿಂದ ವಿದ್ಯಾಭ್ಯಾಸವನ್ನು ಬಿಡಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಹದಿನಾಲ್ಕರಲ್ಲಿ ಬಿಟ್ಟ ಆಟವನ್ನು ಇಪ್ಪತ್ತರಲ್ಲಿ ಮರಳಿ ಪಡೆಯುವುದು ದುಸ್ತರ. ಮಗಳಿಗೆ ಸಾಮರ್ಥ್ಯವುಂಟೇ ಎಂಬುದನ್ನು ನೆರೆಹೊರೆಯವರ ಮಾತಿಗಿಂತ ಅಂಗಳವೇ ಚೆನ್ನಾಗಿ ತಿಳಿಸೀತು. ಸಂಜೆಯ ಒಂದು ಗಂಟೆಯನ್ನು ಆಕೆಗೆ ಬಿಟ್ಟುಕೊಡಿರೆಂದೂ, ಅದಕ್ಕಾಗಿ ಮುಂದಿನ ಬಸ್ಸಿಗೆ ಕಾಯಿರೆಂದೂ ಪೋಷಕರಲ್ಲಿ ವಿಜ್ಞಾಪಿಸುತ್ತೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ತಾಯಂದಿರಾಗಿರುವವರು ಈ ಮಾತನ್ನು ಮೊದಲು ತಮ್ಮ ಮನೆಯಲ್ಲಿಯೇ ನಡೆಸಿಕೊಡುವರೆಂದು ನಂಬಿದ್ದೇವೆ.