ರೇಲಿಂಗ್ ಆಮೇಲೆ ಅನ್ನಬೇಡಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹೊಸ ಮನೆ ಕಟ್ಟಿದ ಎಷ್ಟೋ ಜನ ಮೊದಲು ಮನೆ ಒಕ್ಕಲು ಮುಗಿಸುತ್ತಾರೆ, ಮೆಟ್ಟಿಲಿಗೆ ರೇಲಿಂಗ್ ಆಮೇಲೆ. ಮೆಣಸಿನಕಾಯಿ ಒಣಗಿಸಲು, ಬೇಸಗೆಯಲ್ಲಿ ಮಲಗಲು ದೊಡ್ಡವರು ಮಾಳಿಗೆ ಹತ್ತುತ್ತಾರೆ. ಹಿಂದೆಯೇ ಅಂಬೆಗಾಲಿನ ಮಗು.

ಹಾಕಿಸುವವರೂ ಚೆಂದಕ್ಕೆಂದು ಅಡ್ಡ ಸ್ಟೀಲ್ ಪೈಪ್ ಹಾಕಿಸುತ್ತಾರೆ. ಮಗುವಿಗೆ ಅದು ಏಣಿ! ಸರಳು ನೆಟ್ಟಗಿರಲಿ, ಸಂದು 4 ಇಂಚಿಗಿಂತ ಕಡಿಮೆ ಇರಲಿ. ಇಲ್ಲದಿದ್ದರೆ ಮೈ ನುಸುಳುತ್ತೆ, ತಲೆ ಸಿಕ್ಕಿಕೊಳ್ಳುತ್ತೆ. ಮೇಲೂ ಕೆಳಗೂ ಗೇಟು ಬೇಕು, ಮೇಲಿನದನ್ನು ಗೋಡೆಗೆ ಸ್ಕ್ರೂ ಹಾಕಿಯೇ ಬಿಗಿಸಿ.

ವಾಕರ್‌ನಲ್ಲಿ ಕೂತ ಮಕ್ಕಳು ಮೆಟ್ಟಿಲಿಂದ ಉರುಳುತ್ತಾರೆಂದು ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಾವೋ, ಅದನ್ನೇ ಉಡುಗೊರೆ ಕೊಡುತ್ತೇವೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಗೇಟು ಮಾಡಿಸಿ ಕೊಡಿ.