ತೂಕದ ಜೊತೆಗೆ ಸೊಂಟವನ್ನೂ ಅಳೆಯಲಿ

ಅಪೌಷ್ಟಿಕತೆಯ ಮಾತೇ ಹೆಚ್ಚು ಕೇಳಿಬರುವ ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಬೊಜ್ಜು ಉಳ್ಳವರ ಚಿಂತೆ ಎನಿಸಬಹುದು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಮಹಿಳೆಯರಲ್ಲೂ ಪುರುಷರಲ್ಲೂ ಸುಮಾರು ಶೇ 30ರಷ್ಟು ಮಂದಿಯ ತೂಕ ಮಿತಿ ಮೀರಿದೆ. ಕೊರತೆಗೂ ಬೊಜ್ಜಿಗೂ ನಂಟಿದೆ. ಕಡಿಮೆ ತೂಕದಲ್ಲಿ ಹುಟ್ಟುವ ನಮ್ಮ ಶಿಶುಗಳಲ್ಲಿ ಸ್ನಾಯು ಸೊರಗಿದ್ದರೂ ಕೊಬ್ಬು ಉಳಿದಿರುತ್ತದೆ ಎಂಬುದನ್ನು ಪುಣೆಯ ಸಂಶೋಧಕರು ತೋರಿಸಿದ್ದಾರೆ. ಸಪೂರ ಕೈಕಾಲಿನವರಿಗೂ ಹೊಟ್ಟೆಯ ಕೊಬ್ಬಿನಿಂದ ಸಕ್ಕರೆ ಕಾಯಿಲೆ ಬರುವುದು ಇದರಿಂದಲೇ ಅರ್ಥವಾಗುತ್ತದೆ. ಭಾರತೀಯ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ಸೊಂಟದ ಸುತ್ತಳತೆಯೇ ಎಚ್ಚರಿಕೆಯ ಗೆರೆ.

ಬಾಯಿ ಕಟ್ಟಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ಆದರೆ ತೂಕ ಇಳಿದೊಡನೆ ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಇಳಿಯುತ್ತದೆ. ವರ್ಷ ಕಳೆದರೂ ಈ ಏರುಪೇರು ಉಳಿಯುತ್ತದೆ. ಕಠಿಣ ಉಪವಾಸದಿಂದ ಕರಗಿದ್ದು ಮರಳಿ ಬಂದರೆ ಅದಕ್ಕೆ ಮನೋಬಲವನ್ನು ದೂರುವುದು ಅನ್ಯಾಯ. ಹಾಗಾದರೆ ಪ್ರಯತ್ನವೇ ವ್ಯರ್ಥವೇ? ಖಂಡಿತ ಅಲ್ಲ. ಶೇ 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯ ಗುರಿಯಿಟ್ಟ ಅಮೆರಿಕದ 2002ರ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಸಾಧ್ಯತೆ ಶೇ 58ರಷ್ಟು ತಗ್ಗಿತು. ಚೆನ್ನೈ ತಜ್ಞರ 2006ರ ಅಧ್ಯಯನದಲ್ಲಂತೂ ತೂಕ ಹೆಚ್ಚೇನೂ ಇಳಿಯದೆಯೇ ಶೇ 28.5ರಷ್ಟು ತಗ್ಗಿತು. ನಮ್ಮ ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪಿನ ಪಲ್ಯಗಳ ಊಟದಲ್ಲಿ ಎಣ್ಣೆ, ಸಕ್ಕರೆಯನ್ನಷ್ಟೇ ಹಿಡಿತಕ್ಕೆ ತಂದರೂ ಲಾಭವಿದೆ. ಬೀದರಿನ ಬೇಸಿಗೆಯಲ್ಲಿ ಹಗಲು ನಡೆಯಿರಿ ಎಂದು ಉಪದೇಶಿಸಿ ಫಲವಿಲ್ಲ. ಮೂರೂ ಊರುಗಳಲ್ಲಿ ಮಹಿಳೆಯರು ಸಂಜೆ ಅಳುಕಿಲ್ಲದೆ ನಡೆಯಲು ದೀಪವಿರುವ ದಾರಿಗಳು ಬೇಕು, ಸರ್ಕಾರಿ ಆಸ್ಪತ್ರೆಯ ಪ್ರತಿ ತಪಾಸಣೆಯಲ್ಲೂ ಒಂದು ಅಳತೆಪಟ್ಟಿ ಬೇಕು.